ಮೆಂತ್ಯಕ್ಕೆ ನೂರು ಅಂಕ, ಗಜ್ಜರಿಗೆ ಸೊನ್ನೆ

ದೀಪಾವಳಿ ಮುಗಿದ ವಾರ ಹುಬ್ಬಳ್ಳಿಯ ದುರ್ಗದಬೈಲ್ ಹತ್ತಿರದ ಒಂದು ಬೀಜದ ಅಂಗಡಿಗೆ ಹೋಗಿದ್ದೆ. ಗಾಡಿ ನಿಲ್ಲಿಸೋಕೆ ಜಾಗ ಸಿಗಲ್ಲ, ಆಟೋದಲ್ಲೇ ಹೋಗಿ. ನಮ್ಮ ಹಿತ್ತಲು ಹತ್ತು ಅಡಿ ಉದ್ದ, ಎಂಟು ಅಡಿ ಅಗಲ. ನನ್ನ ಚೀಟಿಯಲ್ಲಿ ಮಾತ್ರ ಒಂಬತ್ತು ತರಕಾರಿ!

ಗಲ್ಲೆ ಮೇಲೆ ಕೂತಿದ್ದ ಅಜ್ಜಾರು ಚೀಟಿ ಕಡೆ ನೋಡಲೇ ಇಲ್ಲ. "ಬಿಸಲು ಎಷ್ಟೊತ್ತು ಬೀಳ್ತದರೀ?" ಅಂದರು. ಹನ್ನೊಂದರಿಂದ ಮೂರರವರೆಗೆ ಅಂದೆ. "ಹಂಗಾರ ಹೂಕೋಸು ಬಿಡ್ರಿ ಅಕ್ಕಾರ. ಅದು ಎರಡೂವರೆ ತಿಂಗಳು ಜಾಗ ಹಿಡೀತದ. ಅಷ್ಟರಾಗ ಎರಡು ಸಲ ಮೆಂತ್ಯ ಕೀಳ್ತೀರಿ."

ಬಟಾಣಿಯೂ ಬೇಡವೆಂದರು, ಅದಕ್ಕೆ ಬಿಸಿಲು ಸಾಲದಂತೆ. ಕೊನೆಗೆ ಉಳಿದದ್ದು ಮೆಂತ್ಯ, ಕೊತ್ತಂಬರಿ, ಮೂಲಂಗಿ. ನಾನು ಹಟ ಮಾಡಿ ಒಂದು ಪ್ಯಾಕೆಟ್ ಗಜ್ಜರಿ ಸೇರಿಸಿದೆ.

ಮೆಂತ್ಯ, ಕೊತ್ತಂಬರಿ ಎರಡನ್ನೂ ತಕ್ಕಡಿಯಲ್ಲಿ ತೂಗಿ ಪೇಪರಿನಲ್ಲಿ ಕಟ್ಟಿಕೊಟ್ಟರು. ಒಂದು ಕೊತ್ತಂಬರಿ ಕಾಳನ್ನು ಬೆರಳಲ್ಲಿ ಒತ್ತಿ ಎರಡು ಹೋಳು ಮಾಡಿ ತೋರಿಸಿದರು. ಒಂದೇ ಕಾಳಿನೊಳಗೆ ಎರಡು ಬೀಜ. "ಚಪ್ಪಲಿಲೆ ತಿಕ್ಕಿ ಒಡದು, ರಾತ್ರಿ ನೆನಿಹಾಕಿ ಬಿತ್ರಿ." ಚಪ್ಪಲಿ ಮಾತಿಗೆ ಮನೆಯವರು ಒಪ್ಪಲಿಲ್ಲ, ಲಟ್ಟಣಿಗೆಯಿಂದ ಒಡೆದೆ. ನಮ್ಮದು ಎರೆಮಣ್ಣು. ಮೂಲಂಗಿಗೆ ಮಣ್ಣು ಏರಿಸಿ, ಮರಳು, ಹಳೇ ತಿಪ್ಪೆಗೊಬ್ಬರ ಬೆರೆಸಿ ಅಂದರು. ಹಸಿ ಸಗಣಿ ಹಾಕಿದರೆ ಗಡ್ಡೆ ಕವಲೊಡೆಯುತ್ತದಂತೆ.

ಮೆಂತ್ಯ ನಾಲ್ಕನೇ ದಿನಕ್ಕೆ ಮೊಳೆಯಿತು, 28ನೇ ದಿನ ಕಿತ್ತು ಹಸಿಯಾಗಿಯೇ ರೊಟ್ಟಿ ಜೊತೆ ತಿಂದೆವು. ಕೊತ್ತಂಬರಿ ಹತ್ತು ದಿನ ಕಾಯಿಸಿತು, ಆಮೇಲೆ ಒತ್ತಾಗಿ ಬಂತು. ಮೂಲಂಗಿ ನೆಟ್ಟಗೆ ಬೆಳೆದಿದೆ.

ಗಜ್ಜರಿ? ಇಪ್ಪತ್ತು ದಿನಕ್ಕೆ ನಾಲ್ಕೇ ಎಳೆ. ಪ್ಯಾಕೆಟ್ ತಿರುಗಿಸಿ ನೋಡಿದರೆ ಅವಧಿ ಮುಗಿದು ಏಳು ತಿಂಗಳಾಗಿತ್ತು. ಗಜ್ಜರಿ ಬೀಜ ಮೊದಲೇ ಜಾಸ್ತಿ ದಿನ ತಾಳುವುದಿಲ್ಲ, ಅಂಥದ್ದನ್ನು ಇಟ್ಟು ಮಾರುವುದು ತಪ್ಪಲ್ವಾ? ವಾಪಸ್ ಒಯ್ದಾಗ ಅಜ್ಜಾರು ಇರಲಿಲ್ಲ. ಕೌಂಟರಿನಲ್ಲಿದ್ದ ಹುಡುಗ ಫೋನಿನಿಂದ ತಲೆ ಎತ್ತದೆ "ನೀರು ಭಾಳ ಹಾಕೀರಿ" ಅಂದ. ದುಡ್ಡೂ ಕೊಡಲಿಲ್ಲ, ಬೇರೆ ಪ್ಯಾಕೆಟ್ಟೂ ಕೊಡಲಿಲ್ಲ.

ಬಿಡಿ ಬೀಜಕ್ಕೆ, ಅಜ್ಜಾರ ಮಾತಿಗೆ ಕಣ್ಣುಮುಚ್ಚಿ ಹೋಗಬಹುದು. ಬೆಳಿಗ್ಗೆಯೇ ಹೋಗಿ, ಮಧ್ಯಾಹ್ನದ ಮೇಲೆ ಆ ಹುಡುಗ ಕೂರುತ್ತಾನೆ. ನಾನಂತೂ ಮುಂದಿನ ಸಲ ಕನ್ನಡಕ ಮರೆಯದೆ ಒಯ್ಯುತ್ತೇನೆ.