ಲಿನಕ್ಸ್‌ನಲ್ಲಿ ಮಿಲ್ ಡ್ರಾಯಿಂಗ್: ಬ್ರಿಕ್ಸ್‌ಕ್ಯಾಡ್, ಆಟೋಕ್ಯಾಡ್ ಎಲ್‌ಟಿ, ಫ್ರೀಕ್ಯಾಡ್

ಮೊದಲೇ ಹೇಳಿಬಿಡುತ್ತೇನೆ, ನಕ್ಷೆ ಬಿಡಿಸುವ ಈ ಮೂರು ಸಾಫ್ಟ್‌ವೇರ್‌ಗಳಲ್ಲಿ ನನ್ನ ಓಟು ಬ್ರಿಕ್ಸ್‌ಕ್ಯಾಡ್‌ಗೆ. ಕೈಯಿಂದ ದುಡ್ಡು ಹಾಕಿ ಕೊಂಡಿದ್ದೇನೆ, ಆ ಕಡೆ ಸ್ವಲ್ಪ ವಾಲುವುದು ಸಹಜ ಅಲ್ವಾ?

ಗಂಗಾವತಿಯಲ್ಲಿ ಕೂತು ಕಾರಟಗಿ, ಸಿಂಧನೂರು ಕಡೆಯ ರೈಸ್ ಮಿಲ್‌ಗಳಿಗೆ ಶೆಡ್, ಎಲಿವೇಟರ್ (ಭತ್ತ ಮೇಲೆತ್ತುವ ಯಂತ್ರ), ಹಾಪರ್ (ಭತ್ತ ಸುರಿಯುವ ಲಾಳಿಕೆಯಂಥ ತೊಟ್ಟಿ) ಡ್ರಾಯಿಂಗ್ ಮಾಡಿಕೊಡುತ್ತೇನೆ. ಕಂಪ್ಯೂಟರ್‌ನಲ್ಲಿರುವುದು ಉಬುಂಟು, ಅಂದರೆ ಲಿನಕ್ಸ್. ಬರುವ ಫೈಲೆಲ್ಲಾ ಡಿಡಬ್ಲ್ಯೂಜಿ, ಅಂದರೆ ಆಟೋಕ್ಯಾಡ್‌ನ ಸ್ವಂತ ಫೈಲ್ ರೂಪ. ಆಟೋಕ್ಯಾಡ್ ಲಿನಕ್ಸ್‌ಗೆ ಬರುವುದೇ ಇಲ್ಲ.

ಹಾಗಾಗಿ ಮೊದಲು ವರ್ಚುವಲ್‌ಬಾಕ್ಸ್ (ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರ್ ಓಡಿಸುವ ಸಾಫ್ಟ್‌ವೇರ್) ಹಾಕಿ, ಅದರೊಳಗೆ ವಿಂಡೋಸ್, ಅದರೊಳಗೆ ಆಟೋಕ್ಯಾಡ್‌ನ ಚಿಕ್ಕ ಆವೃತ್ತಿಯಾದ ಎಲ್‌ಟಿ ಓಡಿಸಿದೆ. ಸಣ್ಣ ಡ್ರಾಯಿಂಗ್‌ಗೆ ತೊಂದರೆಯಿಲ್ಲ. ಆದರೆ ರ‍್ಯಾಮ್ ಎರಡು ಕಡೆ ಹಂಚಿಹೋಗುತ್ತದೆ, ಗ್ರಾಫಿಕ್ಸ್ ಕಾರ್ಡಿನ ಪೂರ್ತಿ ಬಲ ಒಳಗೆ ಸಿಗುವುದಿಲ್ಲ. ದೊಡ್ಡ ಲೇಔಟ್ ಸರಿಸಿದರೆ ತಡವರಿಸುತ್ತದೆ. ಮೇಲೆ ವಿಂಡೋಸ್ ಲೈಸೆನ್ಸ್ ಬೇರೆ, ಆಟೋಕ್ಯಾಡ್ ಚಂದಾ ಬೇರೆ. ಮಿಲ್‌ನವರ ದುಡ್ಡು ಕೈಗೆ ಬರುವುದು ಸುಗ್ಗಿ ನೋಡಿಕೊಂಡು. ಚಂದಾ ಅಲ್ಲಿವರೆಗೆ ಕಾಯುತ್ತದೆಯೇ?

ಉಚಿತವಾಗಿ ಸಿಗುವ ಲಿಬ್ರೆಕ್ಯಾಡ್ ಸೇವ್ ಮಾಡುವುದು ಡಿಎಕ್ಸ್‌ಎಫ್ ಅನ್ನುವ ಬೇರೆ ಫೈಲ್ ರೂಪದಲ್ಲಿ, ಡಿಡಬ್ಲ್ಯೂಜಿಯಲ್ಲಿ ಅಲ್ಲ. ನನಗೆ ಅಲ್ಲಿಗೇ ಮುಗಿಯಿತು.

ಫ್ರೀಕ್ಯಾಡ್ ಉಚಿತ, ಒಳ್ಳೆಯದೂ ಹೌದು. ಮೊದಲೆಲ್ಲಾ ಹಿಂದಿನ ಹಂತದಲ್ಲಿ ಒಂದು ಅಳತೆ ಬದಲಿಸಿದರೆ ಮುಂದಿನ ಹಂತಗಳು ಮುರಿದು ಬೀಳುತ್ತಿದ್ದವು. 2024ರ ನವೆಂಬರಿನಲ್ಲಿ ಬಂದ 1.0 ಆವೃತ್ತಿಯಿಂದ ಅದು ಬಹಳ ಕಡಿಮೆ. ಶೀಟ್‌ಮೆಟಲ್ ಆಡ್‌ಆನ್‌ನಲ್ಲಿ ಹಾಪರ್ ಬಿಡಿಸಿ, ಚಪ್ಪಟೆ ನಕ್ಷೆಯನ್ನು ಪ್ಲಾಸ್ಮಾ ಕಟಿಂಗ್‌ಗೆ ಕೊಡುತ್ತೇನೆ. ಈಗಲೂ ಆ ಕೆಲಸಕ್ಕೆ ಅದೇ. ಡಿಡಬ್ಲ್ಯೂಜಿ ತೆರೆಯಲು ಮಾತ್ರ ಪರಿವರ್ತಕ ಬೇರೆ ಹಾಕಿಕೊಳ್ಳಬೇಕು. ದಿನಕ್ಕೆ ನಾಲ್ಕಾರು ಫೈಲ್ ಬರುವವರಿಗೆ ಅದು ಸಾಕಪ್ಪಾ ಅನಿಸುತ್ತದೆ.

ಬ್ರಿಕ್ಸ್‌ಕ್ಯಾಡ್ ನೇರವಾಗಿ ಲಿನಕ್ಸ್ ಮೇಲೆಯೇ ಓಡುತ್ತದೆ, ಡಿಡಬ್ಲ್ಯೂಜಿಯನ್ನೇ ಬರೆಯುತ್ತದೆ. ಎಲ್ ಒತ್ತಿದರೆ ಲೈನ್, ಟಿಆರ್ ಒತ್ತಿದರೆ ಟ್ರಿಮ್. ಕೈ ಹೊಸದಾಗಿ ಏನೂ ಕಲಿಯಬೇಕಿಲ್ಲ. ಹಳೆಯ ಲಿಸ್ಪ್ ಫೈಲ್‌ಗಳೂ (ಡ್ರಾಯಿಂಗ್ ಕೆಲಸ ತಾನಾಗಿ ಮಾಡಿಸುವ ಸಣ್ಣ ಪ್ರೋಗ್ರಾಂಗಳು) ಓಡಿದವು. ಮಟೀರಿಯಲ್ ಪಟ್ಟಿಯನ್ನು ಎಕ್ಸೆಲ್‌ಗೆ ಕಳಿಸುತ್ತಿದ್ದದ್ದು ಮಾತ್ರ ನಿಂತಿತು, ಅದು ವಿಂಡೋಸ್‌ನಲ್ಲಿ ಒಂದು ಪ್ರೋಗ್ರಾಂ ಇನ್ನೊಂದನ್ನು ನಡೆಸುವ ಕಾಮ್ (COM) ವ್ಯವಸ್ಥೆ ನಂಬಿದ್ದು. ಬದಲಿಗೆ ಸಿಎಸ್‌ವಿ (ಅಲ್ಪವಿರಾಮ ಹಾಕಿ ಬರೆದ ಸಾದಾ ಪಟ್ಟಿ) ಬರೆಯುವಂತೆ ತಿದ್ದಿಕೊಂಡೆ.

ತಲೆ ತಿಂದದ್ದು ಎಕ್ಸ್‌ರೆಫ್, ಅಂದರೆ ಒಂದು ಡ್ರಾಯಿಂಗ್‌ಗೆ ಹೊರಗಿನಿಂದ ಜೋಡಿಸಿದ ಇನ್ನೊಂದು ಡ್ರಾಯಿಂಗ್ ಫೈಲು. ಶೆಡ್ ಪ್ಲಾನ್ ಕಳಿಸುವವರು ಕಾಲಂ ಗ್ರಿಡ್ಡನ್ನು ಬೇರೆ ಫೈಲಿನಲ್ಲಿಟ್ಟು ಜೋಡಿಸಿರುತ್ತಾರೆ. ಆ ಫೈಲಿನ ದಾರಿ (ಪಾತ್) ಅವರ ಡಿ ಡ್ರೈವ್‌ನದು. ಲಿನಕ್ಸ್‌ನಲ್ಲಿ ಡಿ ಡ್ರೈವ್ ಎಲ್ಲಿಂದ ಬರಬೇಕು? ತೆರೆದರೆ ಕಾಲಂ ಇರಬೇಕಾದ ಜಾಗದಲ್ಲಿ ಫೈಲಿನ ಹೆಸರು ಕೂತಿರುತ್ತದೆ. ಫೋನ್ ಮಾಡಿದರೆ, 'ನಮ್ಮಲ್ಲಿ ಸರಿಯಾಗೇ ಕಾಣ್ತಿದೆಯಲ್ಲ ಸರ್' ಅನ್ನುತ್ತಾರೆ. ಅದೂ ನಿಜವೇ.

ಸರಿ, ಎಲ್ಲವನ್ನೂ ಒಂದೇ ಫೋಲ್ಡರಿಗೆ ಹಾಕಿದರೆ ಆಯಿತಲ್ಲ ಅಂದರೆ, ಆಗಲೂ ಕೆಲವು ಸಿಗುವುದಿಲ್ಲ. ಹೆಸರಿನಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಬದಲಾದರೆ ವಿಂಡೋಸ್‌ಗೆ ಅದೇ ಫೈಲು, ಲಿನಕ್ಸ್‌ಗೆ ಬೇರೆ ಫೈಲು. ಒಂದೊಂದನ್ನೇ ಹುಡುಕಿ ದಾರಿ ತೋರಿಸಬೇಕು. ತಿದ್ದಿದ ಪ್ಲಾನ್ ಬಂದರೆ ಮತ್ತೆ ಮೊದಲಿನಿಂದ.

ಈಗ ಕಳಿಸುವವರಿಗೇ ಬೈಂಡ್ ಮಾಡಿ (ಜೋಡಿಸಿದ ಫೈಲನ್ನು ಮುಖ್ಯ ಡ್ರಾಯಿಂಗ್‌ನೊಳಗೇ ಸೇರಿಸಿ) ಕಳಿಸಿ ಅನ್ನುತ್ತೇನೆ, ಅದರಲ್ಲೂ ಇನ್ಸರ್ಟ್ ಆಯ್ಕೆಯಲ್ಲಿ. ಇಲ್ಲದಿದ್ದರೆ ಪ್ರತಿ ಲೇಯರ್ ಹೆಸರಿನ ನಡುವೆ ಡಾಲರ್, ಸೊನ್ನೆ, ಡಾಲರ್ ಸೇರಿ ಓದಲಿಕ್ಕಾಗುವುದಿಲ್ಲ.

ಪ್ಲಾಟಿಂಗ್ ಬಗ್ಗೆ ಹೇಳುವುದಿಲ್ಲ. ಪಿಡಿಎಫ್ ಮಾಡಿ ಝೆರಾಕ್ಸ್ ಅಂಗಡಿಗೆ ಕಳಿಸುತ್ತೇನೆ, ಅಷ್ಟೇ.

ತಿಂಗಳಿಗೊಂದು ಡಿಡಬ್ಲ್ಯೂಜಿ ಬರುವವರು ಸುಮ್ನೆ ದುಡ್ಡು ಹಾಕಬೇಡಿ, ಫ್ರೀಕ್ಯಾಡ್ ಸಾಕು. ದಿನವೂ ಅದೇ ಕೆಲಸ ಇರುವವರು ಬ್ರಿಕ್ಸ್‌ಕ್ಯಾಡ್‌ನ 30 ದಿನದ ಟ್ರಯಲ್ ಹಾಕಿ, ನಿಮ್ಮಲ್ಲಿರುವ ಅತಿ ಗೋಜಲಿನ ಎಕ್ಸ್‌ರೆಫ್ ಫೈಲನ್ನೇ ಮೊದಲು ತೆರೆದು ನೋಡಿ.