ಪ್ರೇಮ್‌ಚಂದ್ ರಾಯ್‌ಚಂದರ ಜಾಡಿನಲ್ಲಿ: ಮುಂಬಯಿಯ ಒಂದು ಪಾರಂಪರಿಕ ನಡಿಗೆ

ಮುಂಬಯಿಯ ಫೋರ್ಟ್ ಪ್ರದೇಶದಲ್ಲಿ ನಡೆಯುವ ಈ ಪಾರಂಪರಿಕ ನಡಿಗೆಗೆ ಪ್ರೇಮ್‌ಚಂದ್ ರಾಯ್‌ಚಂದರ ಬದುಕೇ ದಾರಿ. 1831ರಲ್ಲಿ ಸೂರತ್‌ನ ಜೈನ ವರ್ತಕ ಮನೆತನದಲ್ಲಿ ಹುಟ್ಟಿ, ದಲ್ಲಾಳಿಯಾಗಿ ಬೆಳೆದು, ಹತ್ತಿ ಹಾಗೂ ಷೇರುಪೇಟೆಗಳೆರಡನ್ನೂ ಆಳಿದ ಅವರ ಕಥೆಯನ್ನು ಟೌನ್ ಹಾಲ್‌ನ ಮೆಟ್ಟಿಲುಗಳಿಂದಲೇ ಆರಂಭಿಸಿದ್ದು ಬಹಳ ಸೂಕ್ತವಾಗಿತ್ತು. ಅದರ ಎದುರಿನ ಆಲದ ಮರದಡಿಯಲ್ಲಿ ದಲ್ಲಾಳಿಗಳು ಸೇರುತ್ತಿದ್ದರೆಂದು ಹೇಳಿದ ಮಾರ್ಗದರ್ಶಿ, ನಮ್ಮನ್ನೂ ಒಂದು ಮರದ ನೆರಳಿನಲ್ಲಿ ನಿಲ್ಲಿಸಿ, ಕಟ್ಟಡವಿಲ್ಲದೆ, ಕೇವಲ ಬಾಯಿಮಾತಿನ ನಂಬಿಕೆಯ ಮೇಲೆ ವ್ಯಾಪಾರ ಕುದುರುತ್ತಿದ್ದ ಬಗೆಯನ್ನು ವಿವರಿಸಿದರು. ಅದೇ ದಲ್ಲಾಳಿಗಳು 1875ರಲ್ಲಿ ಒಂದು ರೂಪಾಯಿ ಪ್ರವೇಶಶುಲ್ಕವಿಟ್ಟು ಕಟ್ಟಿಕೊಂಡ ಸಂಘವೇ ಇಂದಿನ ಬಿಎಸ್‌ಇ, ಅಂದರೆ ಮುಂಬಯಿ ಷೇರು ವಿನಿಮಯ ಕೇಂದ್ರ ಎಂಬುದು ದಲಾಲ್ ಸ್ಟ್ರೀಟ್‌ನ ಗೋಪುರದಂಥ ಕಟ್ಟಡದ ಕೆಳಗೆ ನಿಂತು ಕೇಳಿದಾಗ ಮನಸ್ಸಿಗೆ ನಾಟುತ್ತದೆ.

ನನ್ನ ಮುಖ್ಯ ಆಕ್ಷೇಪ ಇರುವುದು ಇದರ ನಡುವಿನ 1860ರ ದಶಕದ ಬಗ್ಗೆ. 1861ರಲ್ಲಿ ಅಮೆರಿಕದ ಅಂತರ್ಯುದ್ಧದಿಂದಾಗಿ ಇಂಗ್ಲೆಂಡಿನ ಲ್ಯಾಂಕಾಶೈರ್‌ನ ಗಿರಣಿಗಳಿಗೆ ಅಮೆರಿಕದ ಹತ್ತಿ ನಿಂತುಹೋಗಿ ಮುಂಬಯಿಗೆ ಹಣ ಹರಿದುಬಂದದ್ದನ್ನು ವಿಸ್ತಾರವಾಗಿ ಹೇಳಿದ ಮಾರ್ಗದರ್ಶಿ, ಮುಂದಿನ ಕುಸಿತವನ್ನು ಎರಡೇ ವಾಕ್ಯಗಳಲ್ಲಿ ಮುಗಿಸಿಬಿಟ್ಟರು. 5,000 ರೂಪಾಯಿ ಮುಖಬೆಲೆಯ, ಕಡಲನ್ನು ತುಂಬಿ ನೆಲ ಮಾಡಲು ಹೊರಟಿದ್ದ ಬ್ಯಾಕ್ ಬೇ ಕಂಪನಿಯ ಷೇರು 50,000 ರೂಪಾಯಿಯವರೆಗೆ ಏರಿದ್ದು, ಯುದ್ಧ ಮುಗಿದು 1865ರ ಜುಲೈ 1ರಂದು ವಾಯಿದೆ ವ್ಯವಹಾರಗಳ (ಮುಂದಿನ ದಿನಾಂಕಕ್ಕೆಂದು ಮೊದಲೇ ಬೆಲೆ ಕುದುರಿಸಿಕೊಂಡ ವ್ಯವಹಾರಗಳ) ತೀರುವಳಿ ಬಂದಾಗ ಪೇಟೆ ನೆಲಕಚ್ಚಿದ್ದು, ಬ್ಯಾಂಕ್ ಆಫ್ ಬಾಂಬೆ ಕೂಡ ಮುಳುಗಿದ್ದು, ಆ ಬ್ಯಾಂಕಿನ ಸಾಲಗಳಲ್ಲಿ ಪ್ರೇಮ್‌ಚಂದರ ಪ್ರಭಾವವಿದ್ದದ್ದು, ಇವೆಲ್ಲವನ್ನೂ ಹೇಳಲೇಬೇಕಿತ್ತು. ಮನೆಮಠ ಕಳೆದುಕೊಂಡವರ ನೋವನ್ನು ಬದಿಗಿಟ್ಟು ಪ್ರೇಮ್‌ಚಂದರ ದಾನಶೀಲತೆಯನ್ನಷ್ಟೇ ಕೊಂಡಾಡಿದರೆ ಸ್ವತಃ ಪ್ರೇಮ್‌ಚಂದರಿಗೂ ನ್ಯಾಯ ಸಲ್ಲುವುದಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ.

ಕೊನೆಯ ತಾಣ ರಾಜಾಬಾಯಿ ಗೋಪುರದ ಎದುರಿನ ಓವಲ್ ಮೈದಾನ. ಮುಂಬಯಿ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ 2 ಲಕ್ಷ ರೂಪಾಯಿ, ತಾಯಿ ರಾಜಾಬಾಯಿಯವರ ಹೆಸರಿನ ಗಡಿಯಾರ ಗೋಪುರಕ್ಕೆ ಮತ್ತೆ 2 ಲಕ್ಷ ರೂಪಾಯಿಯನ್ನು ಪ್ರೇಮ್‌ಚಂದ್ ನೀಡಲೊಪ್ಪಿದ್ದು 1864ರಲ್ಲಿ, ಅಂದರೆ ಕುಸಿತಕ್ಕೆ ಮೊದಲು. 280 ಅಡಿ ಎತ್ತರದ ಗೋಪುರ ಪೂರ್ಣಗೊಂಡದ್ದು 1878ರಲ್ಲಿ. ಕಣ್ಣು ಕಾಣದ ತಾಯಿ ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ ಜೈನ ವ್ರತವನ್ನು ಈ ಗಂಟೆಯ ಸದ್ದು ಕೇಳಿ ಪಾಲಿಸುತ್ತಿದ್ದರೆಂಬ ಪ್ರತೀತಿಯನ್ನು ಮಾರ್ಗದರ್ಶಿ ಹೇಳುತ್ತಿರುವಾಗಲೇ ಮೇಲಿನಿಂದ ಗಂಟೆ ಮೊಳಗಿತು. ಅವರು ಮಾತು ನಿಲ್ಲಿಸಿ, ಕೊನೆಯ ನಾದ ಕರಗುವವರೆಗೂ ಸುಮ್ಮನಿದ್ದರು. ಇಡೀ ನಡಿಗೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಗಳಿಗೆ ಅದು.

ಕಲ್ಕತ್ತಾ ವಿಶ್ವವಿದ್ಯಾಲಯಕ್ಕೆ ಪ್ರೇಮ್‌ಚಂದರಿತ್ತ 2 ಲಕ್ಷ ರೂಪಾಯಿಯಿಂದ ಆರಂಭವಾದ, ಶಿಕ್ಷಣತಜ್ಞ ಆಶುತೋಷ್ ಮುಖರ್ಜಿ ಹಾಗೂ ಇತಿಹಾಸಕಾರ ಜದುನಾಥ್ ಸರ್ಕಾರ್ ಅವರಂಥವರಿಗೆ ದೊರೆತ ವಿದ್ಯಾರ್ಥಿವೇತನದ ಉಲ್ಲೇಖವೂ ಇರಬೇಕಿತ್ತು. ಗೋಪುರವನ್ನು ಹತ್ತಲು ಸಾರ್ವಜನಿಕರಿಗೆ ಅವಕಾಶವಿಲ್ಲ. ಇದನ್ನು ಹೆಸರು ನೋಂದಾಯಿಸುವಾಗಲೇ ತಿಳಿಸಿದ್ದರೆ, ಮಕ್ಕಳೊಂದಿಗೆ ಬಂದಿದ್ದವರಿಗೆ ನಿರಾಸೆ ಆಗುತ್ತಿರಲಿಲ್ಲ. ಇಷ್ಟಾದರೂ ಷೇರುಪೇಟೆಯಲ್ಲಿ ಹಣ ತೊಡಗಿಸುವ ನನ್ನ ಗೆಳೆಯರಿಗೆಲ್ಲ ಈ ನಡಿಗೆಗೆ ಹೋಗಿಬನ್ನಿ ಎಂದೇ ಹೇಳುತ್ತಿದ್ದೇನೆ, 1865ರ ಬಗ್ಗೆ ಮಾರ್ಗದರ್ಶಿಯನ್ನು ಮರೆಯದೆ ಕೇಳಿ ಎಂಬ ಮಾತನ್ನೂ ಸೇರಿಸಿ.