ಅತ್ತೆಯ ಪೇಸ್‌ಮೇಕರ್ ತಪಾಸಣೆ: ಬ್ರೆಜಿಲ್‌ನ ಬೆಲೊ ಹೊರಿಜಾಂಟೆಯ ಕ್ಲಿನಿಕ್, 4 ಸ್ಟಾರ್
ನನ್ನ ಹೆಂಡತಿ ಇಲ್ಲಿಯವಳು. ಅತ್ತೆಗೆ ಚಿಕ್ಕಂದಿನಲ್ಲೇ ಮಣ್ಣಿನ ಗೋಡೆಯ ಬಿರುಕಲ್ಲಿ ಅಡಗುವ ‘ಬಾರ್ಬೇರೊ’ ಎಂಬ ತಿಗಣೆ ಜಾತಿಯ ಕೀಟದಿಂದ ಶಾಗಸ್ ರೋಗ (ಹೃದಯವನ್ನೂ ಕೆಡಿಸಬಲ್ಲ ಪರೋಪಜೀವಿ ಸೋಂಕು) ಅಂಟಿತ್ತಂತೆ. (1909ರಲ್ಲಿ ವೈದ್ಯ ಕಾರ್ಲೋಸ್ ಶಾಗಸ್ ಈ ರೋಗ ಪತ್ತೆಹಚ್ಚಿದ ಲಾಸಾನ್ಸ್ ಊರೂ ಇದೇ ಮಿನಾಸ್ ಜೆರಾಯಿಸ್ ರಾಜ್ಯದ್ದು.) ಡಾಕ್ಟರಮ್ಮ ಹಳೇ ಇಸಿಜಿ ಹಾಳೆ ಹರಡಿ, ಬೆರಳಿಟ್ಟು ತೋರಿಸಿದರು: ಹೃದಯದ ವಿದ್ಯುತ್ ಹಾದಿಯ ಬಲಗವಲು ಬ್ಲಾಕ್, ಎಡಗವಲಿನ ಮುಂದಿನ ಎಳೆಯೂ ಬ್ಲಾಕ್. ಶಾಗಸ್‌ನಲ್ಲಿ ಈ ಜೋಡಿ ಮಾಮೂಲಂತೆ. ದಶಕಗಟ್ಟಲೆ ಒಳಗೊಳಗೇ ಉರಿಯೂತವಾಗಿ ಆ ಹಾದಿ ನಾರುಗಟ್ಟುತ್ತೆ. ಕೊನೆಗೆ ಪೂರ್ತಿ ಬ್ಲಾಕ್ ಆಗಿ ಅತ್ತೆ ತಲೆಸುತ್ತಿ ಬಿದ್ದರು, ಪೇಸ್‌ಮೇಕರ್ ಬಂತು. ‘ಇದು ಬಡಿತ ನಿಧಾನವಾಗದಂತೆ ಕಾಯುತ್ತೆ ಅಷ್ಟೇ, ರೋಗ ವಾಸಿ ಮಾಡಲ್ಲ. ವಿಪರೀತ ವೇಗದ ಬಡಿತ ಬಂದರೆ ಬೇರೆ ಚಿಕಿತ್ಸೆ’ ಎಂದು ಡಾಕ್ಟರಮ್ಮ ಮುಚ್ಚುಮರೆಯಿಲ್ಲದೆ ಹೇಳಿದ್ದು ನನಗೆ ಹಿಡಿಸಿತು. ಕಾಯಿಸೋದು ಜಾಸ್ತಿ, ಒಂದು ಸ್ಟಾರ್ ಕಟ್. ಕಾಫಿ ಬಿಟ್ಟಿ, ಆದರೆ ಸಕ್ಕರೆ ಮೊದಲೇ ಸುರಿದಿರ್ತಾರೆ.